ಬೀಳಗಿಗೆ ನಡೆದುಹೋದ ಐದು ದಿನ

ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಹೆಂಗಸೊಬ್ಬಳು ಒಂಟಿಯಾಗಿ ರಸ್ತೆಗಿಳಿದರೆ ಸಾಕು, ನಗುವಂಥ ಪ್ರಸಂಗಗಳು ತಾವಾಗಿಯೇ ಬೆನ್ನು ಹತ್ತುತ್ತವೆ. ನಾನು ಜಮಖಂಡಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಕಲಿಸುವವಳು. ವರ್ಷಗಟ್ಟಲೆ ಹಲಗೆ ಮೇಲೆ ಬರೆದ ದಾರಿಗಳನ್ನು ಒಮ್ಮೆ ಕಾಲಿನಿಂದ ಅಳೆಯಬೇಕು ಅನಿಸಿತು. ದಸರಾ ರಜೆಯಲ್ಲಿ ಬನಹಟ್ಟಿ, ಮಹಾಲಿಂಗಪುರ, ಮುಧೋಳ ಸುತ್ತಿ ಬೀಳಗಿಗೆ ಹೊರಟೆ. "ಸಂಜಿ ಅನ್ನೂದ್ರಾಗ ವಾಪಸ್ ಬರತಿ," ಅಂದರು ಯಜಮಾನರು. ಬರಲಿಲ್ಲ.

೧. ರಾಜಿ

ಊರು ದಾಟುವುದರೊಳಗೆ ಹಿರಿಯರೊಬ್ಬರು ಬೈಕ್ ನಿಲ್ಲಿಸಿದರು.

"ಬಸ್ ತಪ್ಪೇತೇನ್ರಿ ಅಕ್ಕಾರ?"

"ಇಲ್ಲರಿ, ಬೀಳಗಿಗೆ ನಡಕೊಂಡ ಹೊಂಟೇನಿ."

"ಬೀಳಗಿ ಆ ಕಡೆ ಐತಲ್ರಿ!"

"ಗೊತ್ತೈತ್ರಿ. ಸುತ್ತ ಹಾಕಿ ಹೊಂಟೇನಿ."

ಅವರು ಚೀಲ ನೋಡಿದರು, ಮುಖ ನೋಡಿದರು, ದನಿ ಇಳಿಸಿದರು. "ಮನ್ಯಾಗ ಜಗಳಾ ಆಗೇತೇನು?"

ಇಲ್ಲ ಅಂದಷ್ಟೂ ಅವರಿಗೆ ಅನುಮಾನ. ನಂಬರ್ ಇಸಿದುಕೊಂಡು ಯಜಮಾನರಿಗೆ ಫೋನ್ ಹಚ್ಚೇಬಿಟ್ಟರು. "ತಪ್ಪು ಯಾರದರೆ ಇರಲಿ, ನೀವ ಒಂದ ಮಾತು ಸೋಲ್ರಿ."

ಯಜಮಾನರ ಉತ್ತರ ನನಗೂ ಕೇಳಿಸಿತು: "ಜಗಳಾ ಏನಿಲ್ಲರಿ, ಹೋಗ್ಲಿ ಬಿಡ್ರಿ. ಚಾಪುಡಿ ಡಬ್ಬಿ ಎಲ್ಲಿಟ್ಟಾಳ, ಅಷ್ಟ ಕೇಳ್ರಿ."

೨. ಚೈನಿನ ಹಾಸಿಗೆ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಹಿಮ್ಮಡಿ ಬೊಬ್ಬೆಗೆ ಪಟ್ಟಿ ಹಚ್ಚಲು ಕಟ್ಟೆ ಮೇಲೆ ಕೂತೆ. ಮಗ್ಗದ ಸದ್ದಿನ ನಡುವೆ ಎದುರು ಮನೆಯಾಕೆ ಹೊರಬಂದು, "ಏನ ಮಾರಾಕ ಬಂದೀರಿ?" ಅಂದಳು. ಏನೂ ಇಲ್ಲವೆಂದು ತೋರಿಸಲು ಚೀಲ ಬಿಚ್ಚಿದೆ. ಆಕೆಯ ಕಣ್ಣು ಮಲಗುವ ಚೀಲದ ಮೇಲೆ ಬಿತ್ತು.

"ಇದೇನ್ರಿ?"

"ಒಳಗ ಮಲಗಿ ಕುತ್ತಿಗಿತನಕ ಚೈನ್ ಎಳಕೊಳ್ಳೂದ್ರಿ."

ಆಕೆ ಚೈನನ್ನು ಎರಡು ಸಲ ಎಳೆದು ನೋಡಿದಳು. ಒಳಗೆ ಟಿವಿ ಮುಂದೆ ರಿಮೋಟ್ ಹಿಡಿದು ಕೂತ ಗಂಡನತ್ತ ಕಣ್ಣು ಹಾಯಿಸಿ ಮೆಲ್ಲಗೆ ಕೇಳಿದಳು: "ಹೊರಗಿಂದ ಕೀಲಿ ಹಾಕೂವಂಥಾದು ಬರತೈತೇನ್ರಿ?"

೩. ಬೆಲ್ಲ

ಮಹಾಲಿಂಗಪುರ ದಾಟಿ ರನ್ನ ಬೆಳಗಲಿ ಕಡೆಗೆ ಕಬ್ಬಿನ ಹೊಲದೊಳಗೆ ಅಡ್ಡದಾರಿ ಹಿಡಿದೆ. ಮೊಬೈಲ್ ನಕ್ಷೆಯ ಪ್ರಕಾರ ನಾನು ಕಾಲುವೆಯ ನಡುವೆ ನಿಂತಿದ್ದೆ. ನಕ್ಷೆ ಬದಿಗಿಟ್ಟೆ, ಸೂರ್ಯ ಇದ್ದಾನೆ, ನಾನಿದ್ದೇನೆ. ಅರ್ಧ ತಾಸಿಗೆ ಬೆಲ್ಲದ ಗಾಣವೊಂದಕ್ಕೆ ಬಂದೆ. ಅಲ್ಲಿನ ಮುದುಕರು ಬಿಸಿ ಬೆಲ್ಲ ಕೊಟ್ಟು ದಾರಿ ತೋರಿಸಿದರು. ಇನ್ನರ್ಧ ತಾಸಿಗೆ ಮತ್ತೆ ಅದೇ ಗಾಣ, ಅದೇ ಮುದುಕರು, ಮತ್ತಷ್ಟು ಬೆಲ್ಲ. ಮೂರನೇ ಸಲ ಬಂದಾಗ ಅವರು ಎದ್ದೇ ನಿಂತರು.

"ತಂಗಿ, ಬೆಲ್ಲ ಬೇಕಿದ್ದರ ಬಾಯಿ ಬಿಟ್ಟ ಕೇಳಬೇಕವಾ. ಸುತ್ತ್ಯಾಕ ಹೊಡೀತಿ?"

ಕಡೆಗೆ ತಾವೇ ರಸ್ತೆತನಕ ಬಂದು ಬಿಟ್ಟರು. ಶಾಲೆಯಲ್ಲಿ ಕಲಿಸುವವಳೆಂದು ದಾರಿಯಲ್ಲಿ ಹೇಳಿದ್ದೆ; ಬಿಡುವಾಗ ಕೇಳಿದರು, "ಸಾಲ್ಯಾಗ ಏನ ಕಲಸ್ತಿ?"

"ಗಣಿತಾರಿ," ಅಂದೆ.

೪. ಪಾಪ

ಐದನೇ ದಿನ ಮಧ್ಯಾಹ್ನ ಬೀಳಗಿ ಮುಟ್ಟಿದೆ. ಕಾಲು ಬಾತಿದ್ದವು, ಎದೆ ಅದಕ್ಕಿಂತ ಉಬ್ಬಿತ್ತು. ಜಮಖಂಡಿ ಬಸ್ ಹತ್ತಿ ಅಜ್ಜಿಯೊಬ್ಬಳ ಪಕ್ಕ ಕೂತೆ. ಯಾರಿಗಾದರೂ ಹೇಳಲೇಬೇಕಿತ್ತು.

"ಅಜ್ಜಿ, ನಾ ಜಮಖಂಡಿಯಿಂದ ಇಲ್ಲಿತನಕ ನಡಕೊಂಡ ಬಂದೇನಿ. ಐದ ದಿನ ಆತು."

"ಈಗ ಎಲ್ಲಿಗೆ ಹೊಂಟಿ?"

"ಜಮಖಂಡಿಗೆ."

ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, ನನ್ನ ಕಾಲು ನೋಡಿದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ ಕಂಡಕ್ಟರನನ್ನು ಕೂಗಿದಳು:

"ಏನಪಾ, ಹೆಣ್ಣಮಕ್ಕಳಿಗೆ ಬಸ್ ಫ್ರೀ ಆಗೇತಿ ಅಂತ ಈಕಿಗೆ ಒಬ್ಬರೂ ಹೇಳಿಲ್ಲ ನೋಡು!"