ಶುಂಠಿ ಬಿಯರಿನ ಸಾಮಾನೂ ಸಂಜೆಯ ಬೈಗುಳವೂ

ಗಂಡ ಹೆಂಡತಿ ದೂರವಿದ್ದರೆ ಪ್ರೀತಿ ಹೆಚ್ಚುತ್ತದೆ ಎಂದು ಹೇಳುವವರನ್ನು ಗಮನಿಸಿ ನೋಡಿ, ಅವರೆಲ್ಲ ಒಂದೇ ಮನೆಯಲ್ಲಿ ಇರುವವರು. ನಿಜವಾಗಿ ದೂರ ಇರುವ ನಮ್ಮಂಥವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತೇನೆ, ದೂರವಿದ್ದಾಗ ಹೆಚ್ಚುವುದು ಹವಾಮಾನದ ಜ್ಞಾನ. ಮಸ್ಕತ್ತಿನಲ್ಲಿ ಕುಳಿತ ನನಗೆ ಉಡುಪಿಯ ಯಾವ ಓಣಿಯಲ್ಲಿ ಎಷ್ಟು ಮಳೆ ಬಿತ್ತು ಎಂಬುದು ಗೊತ್ತು. ಉಡುಪಿಯಲ್ಲಿರುವ ನನ್ನ ಹೆಂಡತಿ ವನಜಾಳಿಗೆ ಇಲ್ಲಿ ಯಾವ ದಿನ ಧೂಳು ಎದ್ದಿತು ಎಂಬುದು ಗೊತ್ತು. ಮಗಳು ಮಾನಸಳ ಪಿಯುಸಿಗಾಗಿ ಅವರಿಬ್ಬರೂ ಊರಿಗೆ ಹೋದ ಮೇಲೆ ನಮ್ಮ ಸಂಜೆಯ ಫೋನು ಹೀಗೆ ನಡೆಯುತ್ತಿತ್ತು:

"ಊಟ ಆಯ್ತಾ?"

"ಇನ್ನು ಮಾಡಬೇಕಷ್ಟೆ. ಎಂತ ಸಾರು ಅಲ್ಲಿ?"

"ತೊಗರಿಬೇಳೆ. ಅಲ್ಲಿ?"

"ಅದೇ."

"ಸೆಕೆಯಾ?"

"ಸೆಕೆ. ಮಳೆಯಾ?"

"ಮಳೆ. ಫೋನು ಇಡ್ಲಾ ಹಾಗಾದ್ರೆ?"

ಇಷ್ಟೇ. ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ. ಆದರೆ ಯಾವ ಭಾಷೆಗೆ ಮಾಡಿದರೂ ಇದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮೊದಮೊದಲು ನನಗೆ ಇದು ಗಮನಕ್ಕೆ ಬರಲಿಲ್ಲ. ಒಂದು ದಿನ ಫೋನು ಕೆಳಗಿಟ್ಟು ನೋಡಿದರೆ, ಮಾತು ಶುರುವಾಗುವ ಮೊದಲು ಕುದಿಯಲು ಇಟ್ಟ ಚಹಾದ ನೀರು ಇನ್ನೂ ಬಿಸಿಯೇ ಆಗಿರಲಿಲ್ಲ. ನಮ್ಮ ನಡುವೆ ಜಗಳವಿಲ್ಲ, ಮುನಿಸಿಲ್ಲ. ಮಾತೇ ಆರುತ್ತಾ ಬಂದಿತ್ತು, ಬಟ್ಟೆ ಒಣಗಿದ ಹಾಗೆ, ಸದ್ದಿಲ್ಲದೆ. ಹೀಗೇ ಬಿಟ್ಟರೆ ಮಗಳ ಓದು ಮುಗಿದು ಇವಳು ವಾಪಸು ಬರುವ ಹೊತ್ತಿಗೆ ನಾವಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರ ಹಾಗೆ ಆಗಿಬಿಡುತ್ತೇವೇನೋ ಎಂದು ಹೆದರಿದೆ.

ಈ ಹೆದರಿಕೆಗೂ ಬಿಯರಿಗೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಈ ದೇಶದಲ್ಲಿ ಮನೆಯಲ್ಲಿ ನಿಜವಾದ ಬಿಯರು ಮಾಡಲು ಹೊರಟವನು ಪೊಲೀಸರ ಅತಿಥಿಯಾಗುತ್ತಾನೆ. ನನಗೆ ಆ ಧೈರ್ಯವೂ ಇಲ್ಲ, ಆ ರುಚಿಯೂ ಇಲ್ಲ. ನಾನು ಮಾಡಲು ಹೊರಟದ್ದು ಶುಂಠಿ ಬಿಯರು. ಹೆಸರಿಗೆ ಮಾತ್ರ ಬಿಯರು. ಶುಂಠಿ, ಸಕ್ಕರೆ, ಲಿಂಬೆಹಣ್ಣು; ಸ್ವಲ್ಪ ಹುಳಿ ಬಂದು ಗುಳ್ಳೆ ಏಳುವಷ್ಟರಲ್ಲಿ ಫ್ರಿಜ್ಜಿಗೆ. ಮಸ್ಕತ್ತಿನ ಖುರುಮ್ ಬಡಾವಣೆಯ ಒಂದು ದೊಡ್ಡ ಅಂಗಡಿಯಲ್ಲಿ ಅದರ ಪುಟ್ಟ ಬಾಟಲಿ ಸಿಗುತ್ತದೆ, ಹೊರದೇಶದ್ದು. ಒಮ್ಮೆ ಕುಡಿದೆ, ನಾಲಿಗೆಯಿಂದ ಕಿವಿಯವರೆಗೆ ಎಚ್ಚರವಾಯಿತು. ಬೆಲೆ ನೋಡಿದೆ, ಉಳಿದ ಅಂಗಾಂಗಗಳೂ ಎಚ್ಚರವಾದವು. ಇದನ್ನು ಮನೆಯಲ್ಲೇ ಮಾಡಿದರೆ ಎಷ್ಟು ಉಳಿತಾಯ ಎಂದು ಲೆಕ್ಕ ಹಾಕಿದೆ. ಗಂಡಸು ಹಾಳಾಗುವುದು ದುಂದುಗಾರಿಕೆಯಿಂದ ಎಂದು ಹಿರಿಯರು ತಿಳಿದಿದ್ದರು. ನನ್ನ ಅನುಭವದಲ್ಲಿ ಅವನು ಹಾಳಾಗುವುದು ಉಳಿತಾಯದಿಂದ.

ಮೊದಲು ಕೊಂಡದ್ದು ಒಂದು ಗಾಜಿನ ಭರಣಿ. ದಪ್ಪ ಗಾಜು, ಕೆಳಗೆ ಪುಟ್ಟ ನಲ್ಲಿ. ಆ ಸಂಜೆ ಸಾರು ಸೆಕೆ ಮಳೆ ಮುಗಿದ ಮೇಲೆ, ಬಾಯಿಗೆ ಬೇರೆ ಏನೂ ಬಾರದೆ, "ಒಂದು ಭರಣಿ ತಗೊಂಡೆ" ಎಂದೆ.

"ಭರಣಿಯಾ? ಎಂತಕ್ಕೆ?"

"ಶುಂಠಿ ಬಿಯರು ಮಾಡ್ಲಿಕ್ಕೆ."

"ಎಂತ ಮಾಡ್ಲಿಕ್ಕೆ?"

ವಿವರಿಸಿದೆ. "ಎಷ್ಟು ಕೊಟ್ರಿ?" ಎಂದಳು. "ಆರು" ಎಂದೆ. ಒಮಾನಿನ ರಿಯಾಲಿನ ಮೋಸವೇ ಅದು. ಆರು ಎಂದರೆ ಆರೇ ತಾನೇ ಅನ್ನಿಸುತ್ತದೆ. ಆದರೆ ವನಜಾ ಅದನ್ನು ಇನ್ನೂರು ಚಿಲ್ಲರೆಯಿಂದ ಗುಣಿಸಿ ರೂಪಾಯಿ ಮಾಡುತ್ತಾಳೆ. ಬಂದ ರೂಪಾಯಿಯನ್ನು ತೆಂಗಿನಕಾಯಿ ಮಾಡುತ್ತಾಳೆ. ಹದಿನೆಂಟು ವರ್ಷ ಇಲ್ಲಿದ್ದಾಗಲೂ ಅವಳ ಲೆಕ್ಕವೆಲ್ಲ ಕೊನೆಗೆ ತೆಂಗಿನಕಾಯಿಯಲ್ಲೇ ನಿಲ್ಲುತ್ತಿತ್ತು. ಗುಣಾಕಾರ ಮುಗಿಯುವವರೆಗೆ ಕಾದೆ. ಆಮೇಲೆ ಬಂತು ನೋಡಿ!

"ನಿಮಗೆ ಮಂಡೆ ಸಮ ಉಂಟಾ? ಅಷ್ಟು ತೆಂಗಿನಕಾಯಿ ಕೊಟ್ಟು ಒಂದು ಭರಣಿಯಾ? ಇಲ್ಲಿ ಅಟ್ಟದ ಮೇಲೆ ಅತ್ತೆಯ ಉಪ್ಪಿನಕಾಯಿ ಭರಣಿ ಐದು ಬಿದ್ದುಕೊಂಡುಂಟು! ಹೋದ ಸಲ ಬಂದಾಗ ತಗೊಂಡು ಹೋಗಿ ಅಂತ ಹೇಳಿರ್ಲಿಲ್ವಾ ನಾನು? ಹೇಳಿದ್ದೆ. ಆಗ ಎಂತ ಹೇಳಿದ್ರಿ? ಲಗೇಜು ಭಾರ ಆಗ್ತದೆ ಅಂತ. ಮತ್ತೆ ಆ ಹಲಸಿನ ಹಪ್ಪಳದ ಡಬ್ಬ ತಗೊಂಡು ಹೋದ್ರಲ್ಲ, ಅದು ಭಾರ ಆಗ್ಲಿಲ್ವಾ?"

ಭರಣಿಯಿಂದ ಹಪ್ಪಳಕ್ಕೆ, ಹಪ್ಪಳದಿಂದ ನನ್ನ ತಂಗಿಗೆ, ತಂಗಿಯಿಂದ ನಮ್ಮ ಮದುವೆಯಲ್ಲಿ ಪಾಯಸ ಸಾಲದೆ ಹೋದದ್ದಕ್ಕೆ ಬಂದಳು. ನಡುವೆ ಒಂದು ಕಡೆ ತಡೆಯಲಾರದೆ ನಕ್ಕೂಬಿಟ್ಟಳು. ಫೋನಿಟ್ಟಾಗ ನನ್ನ ಕಿವಿ ಬಿಸಿಯಾಗಿತ್ತು, ಒಲೆಯ ಮೇಲಿನ ಚಹಾ ಬತ್ತಿ ಕಷಾಯವಾಗಿತ್ತು. ಅಷ್ಟು ಸುಖವಾಗಿ ನಾನು ಚಹಾ ಕುಡಿದು ತಿಂಗಳುಗಳಾಗಿದ್ದವು.

ಮರುದಿನವೇ ಒಂದು ತಾಪಮಾಪಕ ಕೊಂಡೆ.

ಇಲ್ಲಿ ನನ್ನ ದೊಡ್ಡಪ್ಪನ ಹಾರ್ಮೋನಿಯಮ್ಮಿನ ವಿಷಯ ಹೇಳಬೇಕು. ಸಂಗೀತ ಕಲಿಯುತ್ತೇನೆಂದು ಮಧ್ಯವಯಸ್ಸಿನಲ್ಲಿ ಅವರು ಹಾರ್ಮೋನಿಯಂ ತಂದರು. ಅದನ್ನಿಡಲು ತೇಗದ ಮಣೆ, ಮುಚ್ಚಲು ಮಖಮಲ್ಲಿನ ಹೊದಿಕೆ, ಕುಳಿತುಕೊಳ್ಳಲು ಹೊಸ ಜಮಖಾನೆ. ವಿದ್ಯೆ ಮಾತ್ರ "ಸ" ಬಿಟ್ಟು ಮುಂದೆ ಹೋಗಲಿಲ್ಲ. ದೊಡ್ಡಮ್ಮ ದಿನಾ ಸಂಜೆ ಜಗಲಿಯಲ್ಲಿ ಹೂವು ಕಟ್ಟುತ್ತಾ ಆ ಪೆಟ್ಟಿಗೆಯ ಹೆಸರಿನಲ್ಲಿ ಅವರಿಗೆ ಬೈಯುತ್ತಿದ್ದರು. ದೊಡ್ಡಪ್ಪ ತಾಂಬೂಲ ಮೆಲ್ಲುತ್ತಾ ಕೇಳುತ್ತಿದ್ದರು, ಸಂಗೀತ ಕಛೇರಿಗೆ ಬಂದವರ ಹಾಗೆ, ನಡುನಡುವೆ ತಲೆದೂಗುತ್ತಾ. ದೊಡ್ಡಪ್ಪ ಹೋದ ಮೇಲೆ, ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ನಾನೇ ಹೇಳಿದ್ದೆ. ದೊಡ್ಡಮ್ಮ ಕೊಡಲಿಲ್ಲ. ಹೊದಿಕೆ ತೆಗೆದು ಧೂಳು ಒರೆಸುತ್ತಾ, "ದರಿದ್ರದ್ದು, ಜಾಗಕ್ಕೆ ಕೇಡು" ಎಂದು ಅದಕ್ಕೇ ಬೈದರು. ಆಗ ನನಗೆ ಏನೂ ಅರ್ಥವಾಗಿರಲಿಲ್ಲ.

ಸರಿ, ನನ್ನ ಸಾಮಾನು ಬೆಳೆಯಿತು. ಗಾಳಿ ಹೊರಗೆ ಬಿಟ್ಟು ಒಳಗೆ ಬಿಡದ, ಬುಳಕ್ ಬುಳಕ್ ಎನ್ನುವ ಪ್ಲಾಸ್ಟಿಕ್ ಕೊಳವೆ. ಸಿಹಿ ಎಷ್ಟು ಉಳಿದಿದೆ ಎಂದು ಹೇಳುವ, ನೀರಲ್ಲಿ ತೇಲುವ ಗಾಜಿನ ಕಡ್ಡಿ. ಇದು ಬಹಳ ಮುಖ್ಯ, ಶುಂಠಿ ಬಿಯರು ದಾರಿ ತಪ್ಪಿ ನಿಜವಾದ ಬಿಯರಿನ ಕಡೆಗೆ ಹೊರಟರೆ ಇದು ಚಾಡಿ ಹೇಳುತ್ತದೆ. ಮುಚ್ಚಳಕ್ಕೆ ತಂತಿ ಇರುವ ಬಾಟಲಿಗಳು. ಒಂದೊಂದಕ್ಕೂ ಒಂದೊಂದು ಸಂಜೆ. ಎಲ್ಲವನ್ನೂ ಒಟ್ಟಿಗೆ ಕೊಂಡಿದ್ದರೆ ಅಗ್ಗವಾಗುತ್ತಿತ್ತು ಎಂಬುದು ನನಗೂ ಗೊತ್ತು. ಆದರೆ ಒಟ್ಟಿಗೆ ಕೊಂಡರೆ ಬೈಗುಳವೂ ಒಟ್ಟಿಗೇ ಮುಗಿದುಹೋಗುತ್ತದಲ್ಲ.

ಬಾಟಲಿಗಳು ಬಂದ ಪೆಟ್ಟಿಗೆಯಂತೂ ನನ್ನ ಬೆವರಿಳಿಸಿತು. ಅದು ಘಾಲಾದಲ್ಲಿರುವ ನಮ್ಮ ಗೋದಾಮಿನ ಆಫೀಸಿಗೇ ಬಂದು ಇಳಿಯಿತು. ಮೇಲೆ ನೊರೆಯುಕ್ಕುವ ದೊಡ್ಡ ಮಗ್ಗಿನ ಚಿತ್ರ! ನನ್ನ ಮೇಜಿನ ಪಕ್ಕದ ಖಮೀಸ್, ಒಮಾನಿ, ಬಹಳ ಮರ್ಯಾದಸ್ಥ, ಚಿತ್ರವನ್ನು ನೋಡಿದ, ನನ್ನನ್ನು ನೋಡಿದ. "ಐಶ್ ಹಾದಾ?" ಇದೇನು ಎಂದು ಅವನ ಪ್ರಶ್ನೆ. ನನಗೆ ಗೊತ್ತಿದ್ದ ಅರಬ್ಬಿಯೆಲ್ಲ ಆ ಕ್ಷಣಕ್ಕೆ ರಜೆ ಹಾಕಿತು. "ಝಂಜಬೀಲ್! ಝಂಜಬೀಲ್!" ಎಂದು ಶುಂಠಿಯ ಹೆಸರನ್ನು ದೇವರ ನಾಮದಂತೆ ಜಪಿಸಿದೆ. ಅವನು ಬಿದ್ದುಬಿದ್ದು ನಕ್ಕ. ಶೀತಕ್ಕೆ ತನ್ನ ಅಜ್ಜಿಯೂ ಶುಂಠಿಯನ್ನೇ ಕೊಡುತ್ತಿದ್ದಳೆಂದೂ ಅದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿರಲಿಲ್ಲವೆಂದೂ ಹೇಳಿದ. ನಾನು ಅವನಿಗೆ ಶುಂಠಿ ಚಹಾ ಮಾಡಿ ಕೊಟ್ಟು, ಪೆಟ್ಟಿಗೆಯ ಮೇಲೆ ಹಳೆಯ ಪೇಪರು ಅಂಟಿಸಿ ಮನೆಗೆ ಸಾಗಿಸಿದೆ. ಆ ಸಂಜೆ ವನಜಾಳಿಗೆ ಹೇಳಿದರೆ, "ಕೆಲಸ ಹೋಗಿದ್ರೆ ಎಂತ ಮಾಡ್ತಿದ್ರಿ? ಊರಲ್ಲಿ ಬಂದು ಶುಂಠಿ ಮಾರ್ತಿದ್ರಾ?" ಎಂದು ಶುರು ಮಾಡಿದವಳು ನಿಲ್ಲಿಸುವಾಗ ಅಲ್ಲಿ ಮಗಳು ನಿದ್ದೆಗಣ್ಣಿನಲ್ಲಿ, "ಅಮ್ಮಾ, ಐ ಹ್ಯಾವ್ ಎ ಟೆಸ್ಟ್ ಟುಮಾರೊ!" ಎಂದು ಕೂಗುತ್ತಿದ್ದಳು.

ನನ್ನ ಎದುರು ಫ್ಲ್ಯಾಟಿನಲ್ಲಿ ಲಿಗೋರಿ ಬಾಬ್ ಇದ್ದಾರೆ. ಉಡುಪಿ ಹತ್ತಿರದ ಶಿರ್ವದ ಕಡೆಯ ಕೊಂಕಣಿಯವರು, ಬಾಬ್ ಎಂಬುದು ಅವರಲ್ಲಿ ಗೌರವದ ಮಾತು; ಅವರ ಹೆಂಡತಿ ಮಕ್ಕಳೂ ಊರಲ್ಲೇ. ನಾವಿಬ್ಬರೂ ರಜೆಯ ದಿನ ಕಡಲ ದಡದ ಬರ್ಕಾ ಊರಿಗೆ ಹೋಗಿ ಮೀನು ತರುವುದು ಪದ್ಧತಿ. ಒಂದು ಶುಕ್ರವಾರ ಹಾಗೆ ಹೊರಟಾಗ, ಕರೆಂಟು ಯಾಕೆ ದಂಡ ಎಂದು ನಾನು ಏಸಿ ಆರಿಸಿ ಹೋದೆ. ನೋಡಿ, ಮತ್ತೆ ಉಳಿತಾಯ. ಬಾಟಲಿಗಳು ಅಡುಗೆಮನೆಯ ಕಟ್ಟೆಯ ಮೇಲಿದ್ದವು. ಜೂನ್ ತಿಂಗಳ ಮಸ್ಕತ್ತಿನ ಮಧ್ಯಾಹ್ನದಲ್ಲಿ ಮನುಷ್ಯರೇ ಸಿಡಿಮಿಡಿಗೊಳ್ಳುತ್ತಾರೆ, ಇನ್ನು ಮುಚ್ಚಳ ಬಿಗಿದ ಶುಂಠಿರಸ ಸುಮ್ಮನಿರುತ್ತದೆಯೇ? ನಾವು ಮೀನಿನ ಚೀಲ ಹಿಡಿದು ಬಾಗಿಲು ತೆಗೆದರೆ ಚಾವಣಿಯಿಂದ ಸಕ್ಕರೆಪಾಕ ತೊಟ್ಟಿಕ್ಕುತ್ತಿತ್ತು. ನೆಲದ ತುಂಬ ಗಾಜು. ಒಮಾನಿನಲ್ಲಿ ಇರುವೆಗಳು ಇಷ್ಟಿವೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಲಿಗೋರಿ ಬಾಬ್ ಶಿಲುಬೆಯ ಗುರುತು ಮಾಡಿಕೊಂಡು, "ಖಲಾಸ್! ಎಂತ ಯುದ್ಧ ಮಾರಾಯ್ರೆ ಇದು!" ಎಂದರು.

ನಾನು ಅಲ್ಲೇ ನಿಂತು ವನಜಾಳಿಗೆ ಫೋನು ಮಾಡಿದೆ. ಒಂದೂ ಬಿಡದೆ ಹೇಳಿದೆ. ಆ ದಿನದ ಬೈಗುಳಕ್ಕೆ ಹಿಂದಿನವೆಲ್ಲ ಪೀಠಿಕೆ. ಲಿಗೋರಿ ಬಾಬ್ ಪಕ್ಕದಲ್ಲಿ ನಿಂತು, ಕೈಯಲ್ಲಿ ಅಂಜಲ್ ಮೀನು ಹಿಡಿದುಕೊಂಡೇ ಕೇಳಿಸಿಕೊಂಡರು. ಭರಾಟೆಯ ನಡುವೆ ಒಮ್ಮೆಲೇ ಅವಳು ನಿಲ್ಲಿಸಿದಳು.

"ಕಾಲಿಗೆ ಎಂತ ಹಾಕಿದ್ದೀರಿ?"

"ಏನೂ ಇಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟೆ."

"ಗಾಜು ಉಂಟಲ್ಲ ಅಲ್ಲಿ! ಮೊದಲು ಚಪ್ಪಲಿ ಹಾಕಿ ಬನ್ನಿ. ನಾನು ಫೋನು ಹಿಡ್ಕೊಂಡಿರ್ತೇನೆ. ಹಾಕಿ ಬನ್ನಿ, ಮತ್ತೆ ಬೈತೇನೆ."

ನಾನು ಹೋಗಿ ಚಪ್ಪಲಿ ಹಾಕಿಕೊಂಡು ಬಂದು, "ಹಾಂ, ಹಾಕಿದೆ" ಎಂದೆ. ಅವಳು ಬಿಟ್ಟ ಕಡೆಯಿಂದಲೇ ಮುಂದುವರಿಸಿದಳು. ನನ್ನ ಕಣ್ಣು ಯಾಕೋ ಉರಿಯಿತು. ಶುಂಠಿಯದಿರಬೇಕು.

ಲಿಗೋರಿ ಬಾಬ್ ಮೀನು ಶುಚಿ ಮಾಡಿ ಮುಗಿಸಿದರು. ಆಮೇಲೆ ಮೆಲ್ಲಗೆ, "ನನಗೂ ಒಂದು ಇಂಥ ಯಂತ್ರ ಹೇಳಿ ಮಾರಾಯ್ರೆ" ಎಂದರು. "ನನ್ನವಳೂ ಈಗೀಗ ಹಾಂ, ಹೂಂ ಅಂತ ಮಾತ್ರ."

ಇಷ್ಟರ ಮೇಲೆ ನಾನು ಶುಂಠಿ ಬಿಯರು ಚೆನ್ನಾಗಿ ಮಾಡಲು ಕಲಿಯಬಾರದಿತ್ತು. ಆದರೆ ಕಲಿತುಬಿಟ್ಟೆ. ಇಲ್ಲಿನ ಕೆಲಸ ಖಲಾಸ್ ಮಾಡಿ ಊರಿಗೆ ಹೊರಟ ಒಂದು ಸಂಸಾರ ಬಿಟ್ಟುಹೋಗುತ್ತಿದ್ದ ಸಣ್ಣ ಫ್ರಿಜ್ಜನ್ನು ಕೊಂಡೆ. ಅದಕ್ಕೂ ಒಳ್ಳೆಯ ಬೈಗುಳ ಸಿಕ್ಕಿತು, ಹಳೇ ಫ್ರಿಜ್ಜಿನ ಸಂಸಾರದವರ ಜಾತಕ ಸಮೇತ. ಆ ಫ್ರಿಜ್ಜಿನ ತಂಪಿನಲ್ಲಿ ಮುಂದಿನ ಸರದಿ ಎಷ್ಟು ಹದವಾಗಿ ಬಂತೆಂದರೆ, ಲಿಗೋರಿ ಬಾಬ್ ಒಂದು ಲೋಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದರು. ಒಂದು ಬಾಟಲಿ ನನಗೆ ಎಷ್ಟು ಬಿತ್ತು ಎಂದು ಮಾತ್ರ ಕೇಳಬೇಡಿ. ಖುರುಮಿನ ಅಂಗಡಿಯವನು ಧರ್ಮಾತ್ಮ ಎಂದಷ್ಟೇ ಹೇಳುತ್ತೇನೆ.

ಹೆಮ್ಮೆಯಿಂದ ಫೋನು ಮಾಡಿದೆ. "ವನಜಾ, ಬಿಯರು ಬಂತು! ಬಹಳ ಚೆನ್ನಾಗಿ ಬಂದಿದೆ!"

"ಹೌದಾ? ಒಳ್ಳೇದಾಯ್ತು" ಎಂದಳು. "ಇನ್ನೇನೂ ತಗೊಳ್ಳಲಿಕ್ಕೆ ಇಲ್ವಲ್ಲ?"

"ಇಲ್ಲ."

"ಹಾಂ. ಊಟ ಆಯ್ತಾ?"

"ಇನ್ನು ಮಾಡಬೇಕು."

"ಸೆಕೆಯಾ?"

"ಸೆಕೆ."

"ಇಲ್ಲಿ ಮಳೆ" ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಳೆಯ ಸದ್ದು ಕೇಳಿದೆವು. "ಇಡ್ಲಾ ಹಾಗಾದ್ರೆ?"

ಆ ದಿನದ ಲೋಟ ನನಗೆ ರುಚಿಸಲಿಲ್ಲ. ಬಾಟಲಿಗೆ ತಗಡಿನ ಮುಚ್ಚಳ ಒತ್ತುವ ಯಂತ್ರ ಒಂದಿದೆಯಂತೆ, ಅಗತ್ಯವೇನೂ ಇಲ್ಲ, ಬಹಳ ದುಬಾರಿ. ಅದರ ಬೆಲೆ ನೋಡುತ್ತಾ ಕುಳಿತೆ. ಮರುದಿನವೂ ಸಾರು, ಸೆಕೆ, ಮಳೆ. ಅದರ ಮರುದಿನ ಬೇಳೆ ಬೇಯಲು ಇಟ್ಟು, ಯಂತ್ರದ ಮಾತನ್ನು ಹೇಗೆ ತೆಗೆಯಲಿ ಎಂದು ಯೋಚಿಸುತ್ತಿದ್ದಾಗ ಅವಳೇ ಫೋನು ಮಾಡಿದಳು. ದನಿಯಲ್ಲಿ ಏನೋ ಅಳುಕು.

"ಒಂದು ವಿಷಯ ಹೇಳ್ತೇನೆ. ಬೈಬಾರ್ದು."

"ಎಂತ?"

"ಟೆರೇಸಿನ ಮೇಲೆ ನಾಲ್ಕು ಮಲ್ಲಿಗೆ ಗಿಡ ಉಂಟಲ್ಲ? ಅದಕ್ಕೆ ಹನಿ ನೀರಾವರಿ ಹಾಕಿಸಿದೆ. ಪೈಪು, ಟೈಮರು ಎಲ್ಲ ಉಂಟು. ಹೊತ್ತು ಹೊತ್ತಿಗೆ ಅದೇ ನೀರು ಬಿಡ್ತದೆ."

"ಎಷ್ಟಾಯ್ತು?"

ಅವಳು ಏನೋ ಹೇಳಿದಳು. ಕೇಳಿಸಲಿಲ್ಲ. ಅಲ್ಲಿ ಮನೆಯೆದುರಿನ ತಗಡಿನ ಮಾಡಿನ ಮೇಲೆ ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ ಹೊಡೆಯುತ್ತಿತ್ತು.

"ಎಷ್ಟು?"

"ಮಳೆಗೆ ಕೇಳುದಿಲ್ಲ, ಜೋರಾಗಿ ಹೇಳಿ!"

"ಎಷ್ಟಾಯ್ತು ಅಂದೆ! ಜೂನ್ ತಿಂಗಳಲ್ಲಿ, ಉಡುಪಿಯಲ್ಲಿ, ನೀರು ಹನಿಸುವ ಯಂತ್ರವಾ? ನಿನಗೆ ಮಂಡೆ ಸಮ ಉಂಟಾ? ಅಂಗಳದಲ್ಲಿ ಹೊಳೆ ಹರಿಯುವಾಗ..."

ನನಗೆ ಬೈಯುವ ಅಭ್ಯಾಸವಿಲ್ಲ. ಆದರೂ ಆ ಸಂಜೆ ಬಹಳ ಚೆನ್ನಾಗಿ ಬಂತು. ಮಲ್ಲಿಗೆಯಿಂದ ಅವಳ ತಮ್ಮನಿಗೆ ಹೋದೆ, ತಮ್ಮನಿಂದ ಅವಳು ಹಿಂದೆ ಕೊಂಡು ಮೂಲೆಗಿಟ್ಟ ಹೊಲಿಗೆ ಯಂತ್ರಕ್ಕೆ ಬಂದೆ. ಅವಳು ಒಂದು ಮಾತೂ ಎದುರಾಡಲಿಲ್ಲ. ಹಾಂ ಎಂದಳು, ಹೌದು ಎಂದಳು, ಕಛೇರಿಗೆ ಬಂದವರ ಹಾಗೆ ಕೇಳಿಸಿಕೊಂಡಳು. ಬೇಳೆ ಸೀದು ವಾಸನೆ ಬರುವವರೆಗೆ ಬೈದೆ. ಈ ವಿದ್ಯೆಯಲ್ಲಿ ನಾನೊಬ್ಬನೇ ಜಾಣ ಎಂದುಕೊಂಡು ಇಷ್ಟು ದಿನ ರಿಯಾಲು ಸುರಿದವನು ನಾನು.

"ತಳ ಹಿಡಿಯಿತು, ಇಡ್ತೇನೆ" ಎಂದೆ.

"ಇಡಬೇಡಿ, ಇಡಬೇಡಿ" ಎಂದಳು ವನಜಾ, ಅವಸರದಲ್ಲಿ. "ಪಂಪಿನ ವಿಷಯ ಇನ್ನೂ ಹೇಳಲೇ ಇಲ್ಲ."

ನಾನು ಗ್ಯಾಸು ಆರಿಸಿದೆ. ಕುರ್ಚಿ ಎಳೆದು ಕುಳಿತು, ಒಂದು ಲೋಟ ಶುಂಠಿ ಬಿಯರು ಬಗ್ಗಿಸಿಕೊಂಡು, ನನ್ನಿಂದ ಆದಷ್ಟು ಗಡುಸಾಗಿ ಕೇಳಿದೆ:

"ಯಾವ ಪಂಪು?"