ಮಾತೆಯ ಬೆನ್ನ ಹಿಂದೆ ಒಂದು ಸದ್ದು

ಸಂಜೆ ಏಳಕ್ಕೆ ಕ್ಲೊಟಿಲ್ಡಾ ಜಪಮಾಲೆ ಹಿಡಿಯುತ್ತಾಳೆ. ಕೊಲ್ಲಿ ನಾಡಿನ ಸೆಗಯಾದ ಈ ಫ್ಲ್ಯಾಟಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ, ಜ್ವರ ಬಂದ ದಿನವೂ, ಅದು ತಪ್ಪಿಲ್ಲ. ಇಂದು ಮಾತ್ರ ಹತ್ತನೆಯ ಮಣಿಗೆ ನಿಲ್ಲಿಸಿ ಗಂಡ ಎರಿಕನ ಕಡೆ ತಿರುಗಿದ್ದಾಳೆ. ಗೋಡೆಯ ಆಲ್ತಾರಿನಲ್ಲಿ, ಮೇರಿ ಮಾತೆಯ ಪ್ರತಿಮೆಯ ಹಿಂದಿನಿಂದ, ಸೊಳ್ಳೆಗಿಂತ ದೊಡ್ಡದೂ ಕುಕ್ಕರಿಗಿಂತ ಸಣ್ಣದೂ ಆದ ಒಂದು ಸದ್ದು ಬರುತ್ತಿದೆ.

ಕ್ಲೊಟಿಲ್ಡಾ: ಎಸಿ ಅಂತ ಹೇಳಿದ್ರಿ. ಎಸಿ ಬಂದ್ ಮಾಡಿದೆ. ಈಗ ಎಂತ ಹೇಳ್ತೀರಿ?

ಎರಿಕ್: ಫ್ರಿಜ್ ಇರಬೇಕು.

ಕ್ಲೊಟಿಲ್ಡಾ: ಫ್ರಿಜ್ ಅಡುಗೆಮನೆಯಲ್ಲಿ ಉಂಟು. ಸದ್ದು ಇಲ್ಲಿ ಉಂಟು.

ಎರಿಕ್: ಹಾಗಾದ್ರೆ ಜೀರುಂಡೆ.

ಕ್ಲೊಟಿಲ್ಡಾ: ನಾಲ್ಕನೇ ಮಾಳಿಗೆಗೆ ಜೀರುಂಡೆ ಲಿಫ್ಟಲ್ಲಿ ಬಂತಾ?

ಎರಿಕ್: ಲಿಫ್ಟ್ ಹಾಳಾಗಿ ಎರಡು ವಾರ ಆಯ್ತಲ್ಲ ಮಾರಾಯ್ತಿ.

ಕ್ಲೊಟಿಲ್ಡಾ: ಅದನ್ನೇ ನಾನು ಕೇಳಿದ್ದು.

ಅಕ್ಟೋಬರ್ ತಿಂಗಳಿಡೀ ಒಂದೊಂದು ದಿನ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ನಾಳೆ ಇವರ ಸರದಿ. ಹನ್ನೊಂದು ಕುಟುಂಬಗಳು ಬರುತ್ತವೆ.

ಕ್ಲೊಟಿಲ್ಡಾ: ಮಾತೆಯ ಪರಿಮಳ ನೋಡ್ಲಿಕ್ಕೇ ಅಂತ ಜಾನೆಟ್ ಅಷ್ಟು ದೂರ ಜುಫೈರಿಂದ ಬರ್ತಾಳೆ. ಅವಳ ಎದುರು ಹೀಗೆ ಕುಂಯ್ ಅಂದ್ರೆ?

ಎರಿಕ್: ಪರಿಮಳದ ಸಂಗತಿ ನೀನು ಅವಳಿಗೆ ಹೇಳಿದ್ದು ಯಾಕೆ?

ಕ್ಲೊಟಿಲ್ಡಾ: ಹೇಳಬಾರದಾ? ಮೂರು ವಾರದಿಂದ ಮಾತೆಯ ಹತ್ತಿರ ಹಣ್ಣಿನ ಹಾಗೆ ಪರಿಮಳ. ಅದೇ ಮೂರು ವಾರದಿಂದ ನೀವು ಕರೆಯದೆ ಬಂದು ಮುಂದೆ ಕೂತ್ಕೊಳ್ತೀರಿ, ಕರೆಂಟಿನ ಕ್ಯಾಂಡಲ್ ನೀವೇ ಹಚ್ತೀರಿ. ಈಸ್ಟರಿಗೆ ಇದೇ ಆಲ್ತಾರಿನ ಎದುರು ಸಿಗರೇಟ್ ಬಿಡ್ತೇನೆ ಅಂತ ಮಾತು ಕೊಟ್ರಿ. ಡಾಕ್ಟರು ಇನ್ನು ಒಂದು ಎಳೆದ್ರೂ ಎದೆ ನಿಮ್ಮದಲ್ಲ ಅಂತ ಹೇಳಿದ್ರು. ಬಿಟ್ರಿ. ಮಾತೆ ಮೆಚ್ಚಿದ ಗುರುತು ಅದು. ಹೂವಿನ ಸರ ಹರಕೆ ಹೇಳಿದ್ದೇನೆ.

ಎರಿಕ್: ಹರಕೆ ಹೇಳುವಷ್ಟು ಎಂತ ಇರ್ಲಿಲ್ಲ.

ಕ್ಲೊಟಿಲ್ಡಾ: ಸರಿ, ಆಚೆ ನಿಲ್ಲಿ. ಕ್ಯಾಂಡಲಿನ ವಯರ್ ನೋಡ್ತೇನೆ.

ಎರಿಕ್: ಮುಟ್ಟಬೇಡ, ಶಾಕ್ ಹೊಡೀತದೆ. ನಾಳೆ ನಾನೇ ನೋಡ್ತೇನೆ.

ಕ್ಲೊಟಿಲ್ಡಾ: ಬೇಡ. ಲತೀಫನಿಗೆ ಆಗಲೇ ಫೋನ್ ಮಾಡಿ ಆಯ್ತು.

ಬಾಗಿಲ ಗಂಟೆ ಹೊಡೆಯಿತು. ಕೆಳಗಿನ ಮೊಬೈಲ್ ರಿಪೇರಿ ಅಂಗಡಿಯ ಅಬ್ದುಲ್ ಲತೀಫ್, ಸ್ಕ್ರೂಡ್ರೈವರ್ ಹಿಡಿದು, ನಾಲ್ಕು ಮಾಳಿಗೆ ಹತ್ತಿದ ಏದುಸಿರಿನಲ್ಲಿ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

ಲತೀಫ್: ಪ್ರತಿಮೆ ನಾನು ಮುಟ್ಟುವುದಿಲ್ಲ ಬಾಯಮ್ಮ. ನೀವೇ ಸ್ವಲ್ಪ ಸರಿಸಿ.

ಕ್ಲೊಟಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡು ಮಾತೆಯನ್ನು ಎರಡು ಕೈಯಲ್ಲಿ ಎತ್ತಿ ಬದಿಗಿಟ್ಟಳು. ಹಿಂದೆ, ಇನ್ನೊಂದು ವಯರಿನ ತುದಿಯಲ್ಲಿ, ಹೆಬ್ಬೆರಳುದ್ದದ ನೀಲಿ ವಸ್ತುವೊಂದು ಮಿನುಗುತ್ತ ಕುಂಯ್‌ಗುಟ್ಟುತ್ತಿತ್ತು.

ಲತೀಫ್: ಕ್ಯಾಂಡಲ್ ಸರಿ ಉಂಟು. ಅಳುವುದು ಈ ಹೊಗೆ ಎಳೆಯುವ ವೇಪ್. ಎರಿಕಣ್ಣ, ಇದು ನಿಮ್ಮ ಸಿತ್ರಾದ ಫ್ರೆಂಡಿಂದು ಅಲ್ವಾ? ಕುಂಯ್ ಅಂತದೆ ಅಂತ ಮೊನ್ನೆ ಅಂಗಡಿಗೆ ತಂದದ್ದು?

ಎರಿಕ್ ಸೀಲಿಂಗ್ ನೋಡಿದ.

ಕ್ಲೊಟಿಲ್ಡಾ: ಯಾವ ಫ್ರೆಂಡ್?

ಎರಿಕ್: ಗಿರಿಧರ್.

ಕ್ಲೊಟಿಲ್ಡಾ: ಗಿರಿಧರನ ವೇಪ್ ನಮ್ಮ ಆಲ್ತಾರಿನಲ್ಲಿ ಎಂತ ಮಾಡ್ತದೆ?

ಎರಿಕ್: ಅವನಿಗೂ ಮಾತೆಯ ಮೇಲೆ ಭಕ್ತಿ ಉಂಟು.

ಲತೀಫ್: ಆದ್ರೆ ಎಳೆದು ತೋರಿಸಿದ್ದು ನೀವೇ ಅಲ್ವಾ? ಸ್ಟ್ರಾಬೆರಿ ಪರಿಮಳ ಒಳ್ಳೆದುಂಟು ಅಂದ್ರಿ.

ಎರಿಕ್: ಲತೀಫ್, ನಿನಗೆ ಅಂಗಡಿಯಲ್ಲಿ ಗಿರಾಕಿ ಇಲ್ವಾ?

ಲತೀಫ್: ಶಟರ್ ಹಾಕಿ ಬಂದಿದ್ದೇನೆ. ಅವಸರ ಎಂತದೂ ಇಲ್ಲ.

ಕ್ಲೊಟಿಲ್ಡಾ ಮೆಲ್ಲನೆ ಕುರ್ಚಿಯಲ್ಲಿ ಕುಳಿತಳು.

ಕ್ಲೊಟಿಲ್ಡಾ: ಸ್ಟ್ರಾಬೆರಿ. ಹನ್ನೊಂದು ಮನೆಯವರಿಗೆ ಹೇಳಿದ್ದೇನೆ ನಾನು.

ಎರಿಕ್: ನೋಡು, ನಾನು ಮಾತು ಮುರಿಯಲಿಲ್ಲ. ಬಿಡ್ತೇನೆ ಅಂದದ್ದು ಸಿಗರೇಟ್. ಇದಕ್ಕೆ ಬೆಂಕಿ ಇಲ್ಲ, ಬೂದಿ ಇಲ್ಲ. ಇದು ಬರೀ ಕರೆಂಟ್.

ಕ್ಲೊಟಿಲ್ಡಾ: ಕರೆಂಟ್ ಆದ್ರೆ ಅಡಗಿಸಿದ್ದು ಯಾಕೆ?

ಎರಿಕ್: ಅಡಗಿಸಿದ್ದಲ್ಲ. ಪ್ಲಗ್ ಖಾಲಿ ಇದ್ದದ್ದು ಅಲ್ಲಿ ಮಾತ್ರ.

ಕ್ಲೊಟಿಲ್ಡಾ: ಶನಿವಾರ ನಾನು ಒರೆಸುವಾಗ ಇರ್ಲಿಲ್ಲ.

ಎರಿಕ್: ಪ್ರತಿ ಶನಿವಾರ ತೆಗೆದಿಡ್ತೇನೆ.

ಈ ಉತ್ತರ ಬಾಯಿಂದ ಹೊರಬಿದ್ದ ಮೇಲೆ ಎರಿಕನಿಗೆ ಅದರ ಅರ್ಥ ತಿಳಿಯಿತು. ಲತೀಫ್ ವೇಪನ್ನು ಕಿವಿಯ ಹತ್ತಿರ ಹಿಡಿದು, ರೋಗಿಯ ಎದೆ ಕೇಳುವವನಂತೆ ಕಣ್ಣು ಮುಚ್ಚಿದ.

ಲತೀಫ್: ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದ್ದೀರಿ. ಇಷ್ಟು ಸಣ್ಣದಕ್ಕೆ ಅದು ಜಾಸ್ತಿ ಆಯ್ತು. ಸಣ್ಣ ಮಗುವಿಗೆ ಮೂರು ತಟ್ಟೆ ಬಿರಿಯಾನಿ ತಿನ್ನಿಸಿದ್ರೆ ಅದೂ ಅಳ್ತದೆ. ಅಂಗಡಿಯಲ್ಲಿ ನನ್ನದೊಂದು ಸಣ್ಣ ಚಾರ್ಜರ್ ಉಂಟು ಬಾಯಮ್ಮ, ಈಗಲೇ ತಂದು ಹಾಕ್ತೇನೆ. ದುಡ್ಡು ಬೇಡ. ನಾಳೆ ನೂರು ಜನ ಬಂದ್ರೂ ಇದರ ಉಸಿರು ಕೇಳ್ಲಿಕ್ಕಿಲ್ಲ.

ಎರಿಕನ ಮುಖ ಅರಳಿತು. ಕ್ಲೊಟಿಲ್ಡಾ ಎದ್ದಳು. ಪ್ರತಿಮೆಯನ್ನು ಸೆರಗಿನಿಂದ ಒರೆಸಿ ಅದರ ಜಾಗದಲ್ಲಿಟ್ಟಳು. ವೇಪನ್ನು ವಯರಿನ ಸಮೇತ ಎಳೆದು ಮಾತೆಯ ಪಾದದ ಮುಂದೆ, ಎಲ್ಲರಿಗೂ ಕಾಣುವಂತೆ, ಇಟ್ಟಳು. ಅದು ಇನ್ನೂ ಜೋರಾಗಿ ಕುಂಯ್‌ಗುಟ್ಟಿತು.

ಎರಿಕ್: ನಾಳೆಯೂ ಅಲ್ಲೇ ಇಡ್ತೀಯಾ?

ಕ್ಲೊಟಿಲ್ಡಾ: ತೆಗೆಯುವವರು ತೆಗೀಲಿ. ಕೈ ನಿಮಗೂ ಉಂಟಲ್ಲ.

ಲತೀಫ್: ಚಾರ್ಜರ್ ತರ್ಲಾ ಬಾಯಮ್ಮ?

ಕ್ಲೊಟಿಲ್ಡಾ: ಬೇಡ ಲತೀಫ್, ನೀನು ಹೇಳಿದ್ದೇ ಉಪಕಾರ ಆಯ್ತು. ಅದು ಅಳ್ಲಿ. ಮೂರು ವಾರದಿಂದ ಈ ಆಲ್ತಾರಿನ ಎದುರು ಸತ್ಯ ಹೇಳಿದ್ದು ಅದೊಂದೇ.