ಹಳೆ ಪಿಸ್ತೂಲು, ಹೊಸ ಪಿಸ್ತೂಲು, ನಮ್ಮ ಭಾವ

ಶೂಟಿಂಗ್ ರೇಂಜಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಗಂಭೀರವಾಗಿ ನಿಂತಿರುತ್ತಾರೆ. ಅದಕ್ಕೇ ಇರಬೇಕು, ಅಲ್ಲಿ ವಾರಕ್ಕೊಂದಾದರೂ ನಗೆಪಾಟಲು ಆಗದೆ ಇರುವುದಿಲ್ಲ. ನಮ್ಮ ಭಾವ ಜೊತೆಗಿದ್ದರಂತೂ ವಾರದವರೆಗೆ ಕಾಯಬೇಕಾಗಿಯೂ ಇಲ್ಲ.

ಭಾವ ಎಂದರೆ ಅಕ್ಕನ ಗಂಡ. ವಾಶಿಯಲ್ಲಿ ಹೋಟೆಲು. ನನಗೆ ಮನೆ ಡೊಂಬಿವಲಿಯಲ್ಲಿ, ಆಫೀಸು ಠಾಣೆಯಲ್ಲಿ. ಭಾನುವಾರ ಇಬ್ಬರೂ ಸೀವುಡ್ಸ್ ಹತ್ತಿರದ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆಯುತ್ತೇವೆ. ಪಿಸ್ತೂಲುಗಳು ಕ್ಲಬ್ಬಿನವೇ. ನನಗೆ ಪ್ರೀತಿ ಅಲ್ಲಿನ ಒಂದು ಹಳೆಯ ಸೆಮಿ ಆಟೊಮ್ಯಾಟಿಕ್ ಮೇಲೆ. ಭಾರವೇನೋ ಹೌದು, ಆದರೆ ಅದರ ಮರದ ಹಿಡಿ ನನ್ನ ಅಂಗೈಗೆ ಒಗ್ಗಿಹೋಗಿದೆ. ಈಚೆಗೆ ಹೊಸ ಮಾಡೆಲುಗಳು ಬಂದವು. ಹಗುರ, ಹಿಡಿಯನ್ನು ಕೈಗೆ ತಕ್ಕಂತೆ ಹೊಂದಿಸಬಹುದು, ಹೊಡೆದರೆ ಕೈ ಎಗರುವುದಿಲ್ಲ. ಭಾವ ನೋಡನೋಡುತ್ತಲೇ ಅವುಗಳ ಭಕ್ತರಾದರು. ಹಳೆಯದನ್ನು ಕೊಟ್ಟುಬಿಡೋಣ ಎಂಬ ಮಾತೂ ಎದ್ದಿತು. ನಾನು ಒಪ್ಪಲಿಲ್ಲ.

ಕೊನೆಗೆ ಕ್ಲಬ್ಬಿನ ಕೋಚ್ ಹೇಳಿದರು: "ಅಗ್ಲೇ ಸಂಡೇ ದೋನೋ ಸಾಥ್ ಚಲಾಕೆ ದೇಖೇಂಗೆ. ಪುರಾನಾ ಹಾರಾ ತೋ ರಿಟೈರ್." ಎರಡನ್ನೂ ಒಟ್ಟಿಗೆ ಹೊಡೆದು ನೋಡುವುದು, ಹಳೆಯದು ಸೋತರೆ ಅದಕ್ಕೆ ನಿವೃತ್ತಿ. ಹಳೆಯದು ನನ್ನ ಕೈಯಲ್ಲಿ, ಹೊಸದು ಭಾವನ ಕೈಯಲ್ಲಿ ಎಂದು ತೀರ್ಮಾನವಾಯಿತು.

ಲೋಕಲ್ ಗಾಡಿಯಲ್ಲಿ

ಸೋಮವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಹೇಗೋ ಒಳಗೆ ತೂರಿಕೊಂಡಿದ್ದೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದೋ ಚಪ್ಪಲಿಯ ಮೇಲೆ. ಅಷ್ಟರಲ್ಲಿ ಭಾವನ ಫೋನು. ಆ ಗದ್ದಲದಲ್ಲಿ ಕೂಗದೆ ವಿಧಿಯಿಲ್ಲ.

"ನನಗೆ ಹಳೇ ಪಿಸ್ತೂಲೇ ಸಾಕು ಭಾವ! ಹೊಸದರ ಟ್ರಿಗರ್ ನನಗಾಗದು! ಐದು ಗುಂಡು ಸಾಕು, ಭಾನುವಾರ ಫೈಸಲಾ ಮಾಡಿಬಿಡೋಣ!"

ಸುತ್ತಲೂ ಮಾತು ನಿಂತಿತು. ಕನ್ನಡ ಬಾರದವರಿಗೂ ಪಿಸ್ತೂಲು, ಟ್ರಿಗರ್ ಅರ್ಥವಾಗುತ್ತವೆ ನೋಡಿ. ಕಿಟಕಿಯ ಬಳಿ ಕೂತಿದ್ದವರೊಬ್ಬರು ಎದ್ದು, "ಬಸಾ ನಾ ಸಾಹೇಬ್" ಎಂದು ತಮ್ಮ ಸೀಟನ್ನೇ ಬಿಟ್ಟುಕೊಟ್ಟರು. ಠಾಣೆಯವರೆಗೆ ಗಾಳಿ ಕುಡಿಯುತ್ತಾ ಹೋದೆ. ಆ ಹೊತ್ತಿನಲ್ಲಿ ಡೊಂಬಿವಲಿಯಲ್ಲಿ ಹತ್ತಿ ಕೂತು ಬಂದೆ ಎಂದರೆ ಆಫೀಸಿನಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಅಕ್ಕನ ಮಿಕ್ಸಿ

ಬುಧವಾರ ಅಕ್ಕನ ಮನೆಗೆ ಹೋಗಿದ್ದೆ. ಭಾವ ಹೊಸ ಪಿಸ್ತೂಲಿನ ಗುಣಗಾನ ನಡೆಸಿದ್ದರು. ಅಕ್ಕ ಬೀನ್ಸ್ ಕತ್ತರಿಸುತ್ತಾ ಕೇಳಿದಳು, "ಹಳೆಯದೂ ಕಾಗದಕ್ಕೆ ತೂತು ಮಾಡ್ತದಲ್ವಾ?"

"ಮಾಡ್ತದೆ. ಆದರೆ ಶಬ್ದ ಜಾಸ್ತಿ, ಕೈ ಅದುರ್ತದೆ, ಒಮ್ಮೊಮ್ಮೆ ನಡುವಲ್ಲೇ ನಿಲ್ತದೆ."

"ನಮ್ಮ ಮಿಕ್ಸಿಗೂ ಅದೇ ಕಾಯಿಲೆ. ಹೊಸತು ಕೇಳಿದ್ದಕ್ಕೆ ನೀವು ಎಂತ ಹೇಳಿದ್ದು? ಹಳೆಯದೇ ಗಟ್ಟಿ ಅಂತ ಅಲ್ವಾ?"

ಭಾವ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಸಂಜೆಯೊಳಗೆ ಹೊಸ ಮಿಕ್ಸಿ ಬಂತು. ಹೊಸ ಪಿಸ್ತೂಲಿನಿಂದ ಅಲ್ಲಿಯವರೆಗೆ ಲಾಭವಾದದ್ದು ಚಟ್ನಿಗೆ ಮಾತ್ರ.

ಕಣ್ಣು ಮುಚ್ಚಿ

ಶನಿವಾರ ಅಭ್ಯಾಸಕ್ಕೆ ಹೋದಾಗ ಭಾವ ಜಂಬ ಕೊಚ್ಚಿದರು. "ಕಣ್ಣು ಮುಚ್ಚಿ ಒಂದು ಗುಟುಕು ಕಾಫಿ ಕುಡಿದರೆ ಡಿಕಾಕ್ಷನ್ ಮೊದಲನೆಯದಾ ಎರಡನೆಯದಾ ಹೇಳ್ತೇನೆ. ಟ್ರಿಗರ್ ಎಂತ ಮಹಾ?"

ಕೋಚ್ ಎರಡೂ ಪಿಸ್ತೂಲು ಖಾಲಿ ಮಾಡಿ, ಹಿಡಿ ಗೊತ್ತಾಗದಂತೆ ಟವೆಲ್ ಸುತ್ತಿ, ಗುರಿಯ ಕಡೆಗೆ ತಾವೇ ಹಿಡಿದುಕೊಂಡು, ಕಣ್ಣು ಮುಚ್ಚಿದ ಭಾವನ ಬೆರಳನ್ನು ಮಾತ್ರ ಟ್ರಿಗರಿಗೆ ಮುಟ್ಟಿಸಿದರು. ಮೊದಲನೆಯದಕ್ಕೆ ಭಾವ ಮೂಗು ಮುರಿದರು. ಎರಡನೆಯದಕ್ಕೆ ಮುಖ ಅರಳಿತು. "ಬೆಣ್ಣೆ ಮಾರಾಯ! ಇದೇ ಹೊಸದು!"

ಕಣ್ಣು ಬಿಟ್ಟರೆ ನನ್ನ ಹಳೆಯದು. ಭಾವ ಸ್ವಲ್ಪವೂ ಅಳುಕದೆ ಹೇಳಿದರು, "ಹಾಗಾದರೆ ಟವೆಲ್ ಸರಿ ಇಲ್ಲ."

ಭಾನುವಾರ

ನನ್ನ ಬಲಗಡೆ ಭಾವ. ಇಬ್ಬರಿಗೂ ಐದೈದು ಗುಂಡು. ಸೋತರೆ ಆ ಮರದ ಹಿಡಿಯನ್ನು ಮತ್ತೆ ಮುಟ್ಟುವಂತಿಲ್ಲ.

ಕೋಚ್ ಆಜ್ಞೆ ಕೊಟ್ಟರು. ಭಾವ ಇನ್ನೂ ಗುರಿ ಹಿಡಿಯುತ್ತಿದ್ದರು, ನಾನು ಮೊದಲ ಗುಂಡು ಹಾರಿಸಿದೆ. ನನ್ನ ಪಿಸ್ತೂಲು ಉಗುಳಿದ ಬಿಸಿ ಖಾಲಿ ತೋಟೆ ನೇರ ಹೋಗಿ ಭಾವನ ಅಂಗಿಯ ಕಾಲರಿನೊಳಗೆ ಇಳಿಯಿತು. ಭಾವ ಶಿಸ್ತಿನ ಮನುಷ್ಯ. ನಿಯಮದಂತೆ ಮೊದಲು ಪಿಸ್ತೂಲನ್ನು ಮೇಜಿನ ಮೇಲಿಟ್ಟರು, ಆಮೇಲೆ ಕುಣಿದರು.

ತೋಟೆ ಹೊರಬಿದ್ದ ಮೇಲೆ ಕೋಚ್ ಭಾವನಿಗೆ ಸುಧಾರಿಸಿಕೊಳ್ಳಲು ಸಮಯ ಕೊಟ್ಟರು. ಇಬ್ಬರೂ ಹೊಡೆದು ಮುಗಿಸಿ ನೋಡಲು ಹೋದೆವು. ಭಾವನ ಹಾಳೆ ಬಡಿಸದ ಬಾಳೆಲೆಯಷ್ಟು ಖಾಲಿ. ನನ್ನ ಹಾಳೆಯಲ್ಲಿ ಹತ್ತು ತೂತು! ಐದು ಒಂದನ್ನೊಂದು ತಬ್ಬಿಕೊಂಡು ನಟ್ಟನಡುವೆ, ಐದು ದಿಕ್ಕಾಪಾಲು. ಕುಣಿತದ ಗಡಿಬಿಡಿಯಲ್ಲಿ ಭಾವ ನನ್ನ ಹಾಳೆಗೇ ಗುರಿಯಿಟ್ಟಿದ್ದರು.

"ತುಮ್ಹಾರಾ ಕೌನ್ಸಾ?" ಎಂದು ಕೋಚ್ ನನ್ನನ್ನು ಕೇಳಿದರು. ದಿಕ್ಕಾಪಾಲಾದವೇ ನನ್ನವು ಎಂದು ಇದ್ದದ್ದನ್ನು ಇದ್ದಂತೆ ತೋರಿಸಿದೆ.

"ನೋಡಿದೆಯಾ?" ಭಾವ ಎದೆಯುಬ್ಬಿಸಿದರು. "ಹೊಸದು ಹೇಗೆ ಹೊಡೆದಿದೆ! ಅಂಕ ನನಗೇ ಕೊಡಬೇಕು."

ಪಕ್ಕದವನ ಹಾಳೆಗೆ ಬಿದ್ದ ಗುಂಡಿಗೆ ಅಂಕವಿಲ್ಲ ಎಂದು ಕೋಚ್ ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದರು. ಭಾವ ಒಪ್ಪಲಿಲ್ಲ. ಆಗ ನಾನು ಮೆಲ್ಲಗೆ ಕೇಳಿದೆ, "ಭಾವ, ನಿಮ್ಮ ಹೋಟೆಲಿನಲ್ಲಿ ಮಸಾಲೆ ದೋಸೆ ತಪ್ಪಿ ಪಕ್ಕದ ಟೇಬಲ್ಲಿಗೆ ಹೋಗಿ, ಅವರು ತಿಂದೂಬಿಟ್ಟರೆ, ಆರ್ಡರ್ ಕೊಟ್ಟವರಿಗೆ ಬಿಲ್ ಹಾಕ್ತೀರಾ?"

ಭಾವ ಕತ್ತು ಉಜ್ಜಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಹಳೆಯ ಪಿಸ್ತೂಲಿನ ಕಡೆ ಕೈ ತೋರಿಸಿ ಹೇಳಿದರು:

"ಇಟ್ಟುಕೋ ಮಾರಾಯ. ಆದರೆ ನಿನ್ನ ಟೇಬಲ್ಲಿಗೆ ಬಂದ ನನ್ನ ದೋಸೆ ಹೇಗಿತ್ತು, ಅದನ್ನಾದರೂ ಹೇಳು!"